ದೀಪ ಹಚ್ಚುವವರೆಗೆ

ಮಕ್ತಲ್‌ನ ನಮ್ಮ ಓಣಿಯಲ್ಲಿ ಅವ್ವನ ಸೋಮವಾರಕ್ಕೆ ದೊಡ್ಡ ಮರ್ಯಾದೆ. ಮುಂಜಾನೆ ವಿಭೂತಿ ಹಚ್ಚಿಕೊಂಡಳೆಂದರೆ ಸಂಜೆ ದೀಪ ಹಚ್ಚುವವರೆಗೆ ಮೌನ. ಹಾಲು ಉಕ್ಕಿದರೆ ಚಿಟಿಕೆ ಹೊಡೆಯುವಳು, ಅಷ್ಟೇ. ಮಂಗಳವಾರ ಎರಡೂ ದಿನದ ಬೈಗುಳ ಒಟ್ಟಿಗೆ ಬೀಳುತ್ತವೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

"ಮಾತು ನಿಂತ್ರ ಮನಸು ನಿಂದರತೈತಿ," ಅನ್ನುತ್ತಿದ್ದಳು. "ಸಿಟ್ಟು ಬಂದಾಗ ಸುಮ್ಕ ಅದನ್ನ ನೋಡು. ನೋಡಿದ್ರ ತಾನೇ ತಣ್ಣಗಾಗತೈತಿ."

ನಾನು ಹುಟ್ಟಾ ಮುಂಗೋಪಿ. ಆದರೂ ಗದ್ವಾಲಕ್ಕೆ ಸೊಸೆಯಾಗಿ ಹೋದ ಮೇಲೆ ಆ ಮಾತು ಪಾಲಿಸಿದೆ. ಗಂಡ ಹೊಡೆದಾಗಲೆಲ್ಲ ಎದೆಯೊಳಗಿನ ಉರಿಯನ್ನು ನೋಡುತ್ತ ನಿಂತೆ. ಸುಳ್ಳು ಹೇಳಬಾರದು, ನನ್ನ ಸಿಟ್ಟು ತಣ್ಣಗಾಗುತ್ತಿತ್ತು. ಅವನ ಹೊಡೆತ ಮಾತ್ರ ನಿಲ್ಲಲಿಲ್ಲ.

ಕಳೆದ ಬೇಸಿಗೆಯಲ್ಲಿ, ತುಟಿ ಒಡೆದ ಮುಂಜಾನೆ, ನಾಲ್ಕು ಸೀರೆ ಚೀಲಕ್ಕೆ ತುರುಕಿ ಬಸ್ಸು ಹತ್ತಿದೆ. ಕೃಷ್ಣೆ ದಾಟಿದ ಮೇಲೆ ನೆನಪಾಯಿತು. ಅಯ್ಯೋ ಶಿವನೇ, ಇವತ್ತು ಸೋಮವಾರ!

ಅಪ್ಪ ಹೋದ ಮೇಲೆ ಮನೆ ಅಣ್ಣ-ಅತ್ತಿಗೆಯದು. ಅವ್ವ ಹಿತ್ತಲಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ.

"ಅವ್ವಾ, ಇನ್ನ ಅಲ್ಲಿ ಬಾಳಾಕ ಆಗಂಗಿಲ್ಲ. ಇಲ್ಲೇ ಇರ್ಲೇನು?"

ಅವ್ವ ನನ್ನ ತುಟಿ ನೋಡಿದಳು. ಕಣ್ಣು ತುಂಬಿದವು. ಒಮ್ಮೆ ಅಡುಗೆಮನೆಯ ಕಡೆ ತಿರುಗಿದಳು. ಅಲ್ಲಿ ಅತ್ತಿಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಆಮೇಲೆ ಎದ್ದುಹೋಗಿ ನನಗೆ ಬಿಸಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ವ್ರತ ಅಲ್ಲವೇ, ದೀಪ ಹಚ್ಚಲಿ ಎಂದು ಕಾದೆ. ಅಷ್ಟು ಆಸೆ ಹೊತ್ತು ನಾನು ಯಾವ ದೇವರ ಮುಂದೆಯೂ ಕೂತವಳಲ್ಲ.

ದೀಪ ಹಚ್ಚಿದಳು. ಅತ್ತಿಗೆಯೇ ಕೇಳಿದಳು, "ದೀಪ ಹಚ್ಚೀರಲ್ಲ ಅತ್ತಿ, ಇನ್ನ ಮಾತಾಡ್ರೀ."

ಅವ್ವ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದಳು. ವ್ರತ ಮುಂದುವರಿಯಿತು.

ಮಂಗಳವಾರ ಮಗಳನ್ನು ಮನೆಯಿಂದ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅದೊಂದು ದಿನ ಸಿಕ್ಕಿತು. ಅವ್ವನ ಹಿಂದೆಯೇ ತಿರುಗಿದೆ, ಬಾವಿಕಟ್ಟೆಗೆ, ದನದ ಕೊಟ್ಟಿಗೆಗೆ. ಅವಳು ನನ್ನ ತಲೆಗೆ ಎಣ್ಣೆ ಹಚ್ಚಿದಳು, ಬಾಯಿ ತೆರೆಯಲಿಲ್ಲ. ಪಕ್ಕದ ಮನೆಯಾಕೆ ಬಂದು ಅವಳ ಕಾಲು ಮುಟ್ಟಿದಳು. "ಎಷ್ಟು ಶಾಂತಿ ಯವ್ವಾ ನಿನ್ನ ಮಾರಿ ಮ್ಯಾಲ! ನಮಗ್ಯಾಕ ಇದು ಬರಂಗಿಲ್ಲ?"

ಶಾಂತಿಯಂತೆ, ಮಣ್ಣಂಗಟ್ಟಿ! ನನಗೆ ಮೈಯೆಲ್ಲ ಉರಿಯಿತು. ಬಾಯಿಬಿಟ್ಟು ಹೋಗು ಅಂದಿದ್ದರೆ ಜಗಳವಾದರೂ ಆಡುತ್ತಿದ್ದೆ. ಮೌನದ ಜತೆ ಹ್ಯಾಗೆ ಜಗಳಾಡುವುದು?

ಬುಧವಾರ ಎದ್ದು ಪಡಸಾಲೆಗೆ ಬಂದೆ. ಅವ್ವ ಆಗಲೇ ಸ್ನಾನ ಮಾಡಿ, ಮಣೆ ಹಾಕಿ ಕಾಯುತ್ತಿದ್ದಳು. ಮುಂದೆ ಮೊರ. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ, ಹೊಸ ಕುಪ್ಪಸದ ಖಣ. ಗಂಡನ ಮನೆಗೆ ಹೊರಡುವ ಮಗಳಿಗೆ ಉಡಿ ತುಂಬಲು ಬೇಕಾದದ್ದೆಲ್ಲ ಇತ್ತು, ಒಂದೂ ಮರೆತಿರಲಿಲ್ಲ.

ನಾನು ಮಣೆಯ ಮೇಲೆ ಕೂತು ಸೆರಗು ಒಡ್ಡಿದೆ.