ಒಗ್ಗಿದ್ದು ಯಾರಿಗೆ

ನಮ್ಮ ಮನೆಯ ಫ್ರಿಜ್ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರಲ್ಲಿ ಬಿಸ್ಕತ್ತು ಒಂದು ಬಿಟ್ಟು ಉಳಿದದ್ದೆಲ್ಲ ಇರುತ್ತಿತ್ತು, ಮುಖ್ಯವಾಗಿ ನಾನು ಪೂರ್ತಿ ನುಂಗದೆ ಉಳಿಸಿದ ಆಂಟಿಬಯಾಟಿಕ್ ಮಾತ್ರೆಗಳು. ಡಾಕ್ಟರು ಏಳು ದಿನಕ್ಕೆ ಬರೆದುಕೊಟ್ಟರೆ ನಾನು ಮೂರು ದಿನ ನುಂಗುವವನು. ಗಾಯ ಒಣಗಿತು ಅನ್ನಿಸಿದರೆ ಸಾಕು, ಹೀಟ್ ಆಗುತ್ತದೆ ಎಂದು ಒಂದು ಲೋಟ ಮಜ್ಜಿಗೆ ಕುಡಿದು ಮಿಕ್ಕಿದ್ದನ್ನು ಡಬ್ಬಿಗೆ ಹಾಕುತ್ತಿದ್ದೆ. ಮುಂದೆ ಕುರುವೋ ಗಾಯವೋ ಆದಾಗ ಮತ್ತೆ ಅದೇ ಸ್ಟ್ರಿಪ್ಪು. ಇದನ್ನು ಜಾಣತನ ಎಂದೇ ತಿಳಿದಿದ್ದೆ.

ಹೊಸ ಶೂ ಹಾಕಿಕೊಂಡು ಜಕ್ಕೂರು ಕೆರೆ ಸುತ್ತಿದ್ದೇ ತಪ್ಪಾಯಿತು. ಎಡಗಾಲಿನ ಹೆಬ್ಬೆರಳಿನ ಪಕ್ಕ ಬೊಬ್ಬೆ ಬಂದು ಒಡೆಯಿತು. ನನಗೆ ಸಕ್ಕರೆ ಕಾಯಿಲೆ ಬೇರೆ. ಡಬ್ಬಿಯ ಮಾತ್ರೆ ನುಂಗಿದೆ, ಗಾಯ ಜಗ್ಗಲಿಲ್ಲ. ಅದನ್ನೇ ಅಂಗಡಿಯಿಂದ ಹೊಸದಾಗಿ ತಂದು ನುಂಗಿದೆ, ಕೀವು ಇನ್ನೂ ಹೆಚ್ಚಾಯಿತು. ಕೊನೆಗೆ ಸರ್ಜನ್ ಹತ್ತಿರ ಹೋದೆ. ಅವರು ಒತ್ತಿ ನೋಡಿ, "ಒಂದ್ ವಾರ ನೋಡೋಣ. ಇಳೀಲಿಲ್ಲ ಅಂದ್ರೆ ಬೆರಳು ತೆಗೀಬೇಕಾಗುತ್ತೆ," ಎಂದರು.

ನನಗೆ ಭಯವಾಯಿತು. ಆದರೂ ಬುದ್ಧಿವಂತನ ಹಾಗೆ, "ನನ್ ಮೈಗೆ ಈ ಮಾತ್ರೆ ಒಗ್ಗೋಗಿದೆ ಸಾರ್, ಅದಕ್ಕೇ ಕೆಲ್ಸ ಮಾಡ್ತಿಲ್ಲ," ಎಂದೆ. ಅವರು ಹತ್ತಿಯ ಕಡ್ಡಿಯಲ್ಲಿ ಕೀವು ತೆಗೆದು ಹೆಬ್ಬಾಳದ ಲ್ಯಾಬಿಗೆ ಕಳಿಸಿದರು.

ರಿಪೋರ್ಟ್ ತರಲು ಕುಂಟುತ್ತ ನಾನೇ ಹೋದೆ. ಕಂಡದ್ದನ್ನೆಲ್ಲ ಕೇಳುವ ಚಟ ನನ್ನದು. ಅಲ್ಲಿದ್ದ ಟೆಕ್ನಿಷಿಯನ್ ಹೆಂಗಸಿಗೆ, "ಮೇಡಂ, ನನ್ ಬ್ಯಾಕ್ಟೀರಿಯಾನ ತೋರಿಸ್ತೀರಾ?" ಎಂದೆ. ಅವರು ನಗುತ್ತ ಮುಚ್ಚಳವಿದ್ದ ಗಾಜಿನ ತಟ್ಟೆಯೊಂದನ್ನು ತಂದು ಹಿಡಿದರು. ತಟ್ಟೆ ತುಂಬ ತೆಳ್ಳನೆಯ ಕೆನೆ. ಅದೇ ನನ್ನ ಕೀವಿನಿಂದ ಬೆಳೆಸಿದ ಬ್ಯಾಕ್ಟೀರಿಯಾ. ಕೆನೆಯ ಮೇಲೆ ಬೊಟ್ಟಿನ ಗಾತ್ರದ ಕಾಗದದ ಬಿಲ್ಲೆಗಳು, ಒಂದೊಂದರಲ್ಲಿ ಒಂದೊಂದು ಔಷಧಿ. ಕೆಲವು ಬಿಲ್ಲೆಗಳ ಸುತ್ತ ಖಾಲಿ ವೃತ್ತಗಳಿದ್ದವು, ಅಲ್ಲಿ ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ಆಗಿರಲಿಲ್ಲ. ನನ್ನ ಮಾತ್ರೆಯ ಬಿಲ್ಲೆಗೆ ಮಾತ್ರ ಒತ್ತಿಕೊಂಡೇ ಬೆಳೆದಿದ್ದವು. ಮಾತ್ರೆ ನನ್ನ ಮೈಗೆ ಒಗ್ಗಿಹೋಗಿದೆ ಎಂದು ಅವರಿಗೂ ಹೇಳಿದೆ.

"ಈ ತಟ್ಟೇಲಿ ನಿಮ್ಮ ಮೈ ಎಲ್ಲಿದೆ ಸಾರ್? ಒಗ್ಗಿದ್ರೆ ಇವಕ್ಕೇ ಒಗ್ಗಿರ್ಬೇಕಲ್ವಾ?"

ಹೌದಲ್ಲ! "ಹಂಗಾದ್ರೆ ಇವು ಕಲ್ತುಕೊಂಡ್ವಾ? ಯಾವುದು ಮೊದ್ಲು ಕಲ್ತಿದ್ದು?"

"ಯಾವುದೂ ಕಲ್ತಿಲ್ಲ. ರಾಗಿ ಜರಡಿ ಹಿಡಿದ್ರೆ ಸಣ್ಣ ಕಾಳು ದಪ್ಪ ಆಗುತ್ತಾ? ಸಣ್ಣದು ಉದುರಿ ಹೋಗುತ್ತೆ, ದಪ್ಪದ್ದು ಉಳಿಯುತ್ತೆ, ಅಷ್ಟೆ. ಕೋಟಿಯಲ್ಲಿ ನಾಲ್ಕೈದು ಈ ಔಷಧಿ ತಡ್ಕೊಳ್ಳೋವು ಮೊದ್ಲೇ ಇದ್ವು. ನೀವು ಮಾತ್ರೆ ನುಂಗಿದಾಗೆಲ್ಲ ಮಿಕ್ಕಿದ್ದು ಸತ್ತು ಅವಕ್ಕೆ ಜಾಗ ಸಿಕ್ತು, ಅವೇ ಹೆಚ್ಚಾದ್ವು. ಒಂದೊಂದೂ ಹುಟ್ಟಿದ ಹಂಗೇ ಇದೆ. ಬದಲಾಗಿದ್ದು ಗುಂಪು."

ಬೆರಳು ಹೋಗುವ ಹೆದರಿಕೆಯ ನಡುವೆಯೂ ನನಗೆ ಖುಷಿಯಾಯಿತು. ಜಿರಾಫೆಯ ಕತ್ತು ಚಾಚಿ ಚಾಚಿಯೇ ಉದ್ದವಾಯಿತು ಎಂದು ನಂಬಿಕೊಂಡು ಅರವತ್ತು ವರ್ಷ ಕಳೆದ ಮನುಷ್ಯ ನಾನು. ಅದೂ ಜರಡಿಯ ಕೆಲಸವೇ ಎಂದು ಆಗ ಹೊಳೆಯಿತು.

ವೃತ್ತ ಮೂಡಿಸಿದ್ದ ಔಷಧಿಯೊಂದರ ಇಂಜೆಕ್ಷನ್ ಹತ್ತು ದಿನ ಚುಚ್ಚಿದರು. ಹೆಂಡತಿ ದಿನಾ ನನ್ನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದಳು. ಗ್ಲೌಸ್ ತಂದುಕೊಟ್ಟರೆ, "ಅದ್ ಹಾಕ್ಕೊಂಡ್ರೆ ಕೈಗೆ ಏನೂ ಗೊತ್ತಾಗಲ್ಲ," ಎಂದು ಪಕ್ಕಕ್ಕಿಟ್ಟಳು. ಅವಳು ಪಟ್ಟಿ ಕಟ್ಟುವಷ್ಟು ಹೊತ್ತೂ ನಾನು ಜರಡಿಯ ಪಾಠ ಹೇಳುತ್ತಿದ್ದೆ. ಬೆರಳು ಉಳಿಯಿತು. ಕೆರೆಯ ವಾಕಿಂಗ್ ಗೆಳೆಯರಿಗೂ ಪಾಠ ಶುರುವಾಯಿತು. "ಏನ್ ಗುರು, ಮೇಷ್ಟ್ರಾಗ್ಬಿಟ್ಟೆ!" ಎಂದು ಒಬ್ಬ ಕಿಚಾಯಿಸಿದ.

ತಿಂಗಳೊಳಗೆ ಹೀರೇಕಾಯಿ ಹೆಚ್ಚುವಾಗ ಹೆಂಡತಿ ಹೆಬ್ಬೆಟ್ಟು ಕುಯ್ದುಕೊಂಡಳು. ಅದು ಬಾತುಕೊಂಡು ಕೀವಾಯಿತು. ನಮ್ಮ ಬೀದಿಯ ಕ್ಲಿನಿಕ್ಕಿನವರಿಗೆ ನನ್ನ ಕಾಲಿನ ಕಥೆ ಗೊತ್ತಿರಲಿಲ್ಲ, ಅದೇ ಮಾತ್ರೆ ಬರೆದರು. ನಾನೂ ಬಾಯಿ ಬಿಡಲಿಲ್ಲ. ಅದು ಹಿಡಿಯದೆ ಹೋಗಿದ್ದು ನನಗೆ, ಅವಳ ಮೈಗೆ ಹೊಸದಲ್ಲವೇ ಎಂದುಕೊಂಡೆ. ಅಷ್ಟೆಲ್ಲ ಪಾಠ ಹೇಳಿದವನ ತಲೆ ಓಡಿದ್ದು ಇಷ್ಟೇ. ಹೊತ್ತು ಹೊತ್ತಿಗೆ ನಾನೇ ಕೊಟ್ಟೆ, ಒಂದೂ ತಪ್ಪಿಸಲಿಲ್ಲ. ಐದನೆಯ ದಿನಕ್ಕೆ ಅಂಗೈಯೂ ಕೆಂಪಾಯಿತು.

ಸರ್ಜನ್ ಅವಳ ಕೀವನ್ನೂ ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ತರಲು ಈ ಸಲ ಇಬ್ಬರೂ ಹೋದೆವು. ಅದೇ ಹೆಂಗಸು ಹೆಂಡತಿಯ ತಟ್ಟೆಯನ್ನು ತಂದರು. ಇದರಲ್ಲೂ ನನ್ನ ಮಾತ್ರೆಯ ಬಿಲ್ಲೆಯ ಸುತ್ತ ವೃತ್ತ ಇರಲಿಲ್ಲ.

"ಜ್ವರ ಬಂದ್ರೂ ಕಷಾಯ ಕುಡಿಯೋಳು ನಾನು," ಎಂದಳು ಹೆಂಡತಿ. "ಈ ವಾರದ ತನಕ ಆ ಮಾತ್ರೆ ಮುಟ್ಟೇ ಇರ್ಲಿಲ್ಲ. ನನಗ್ಯಾಕ್ರೀ ಕೆಲ್ಸ ಮಾಡಲ್ಲ?"

ಟೆಕ್ನಿಷಿಯನ್ ನನ್ನ ಮುಖ ನೋಡಿದರು. ನನಗೆ ನಾಚಿಕೆಯಾಯಿತು. ಅವಳ ಮೈಗೆ ಮಾತ್ರೆ ಹೊಸದಾದರೇನು, ಬ್ಯಾಕ್ಟೀರಿಯಾ ಹೊಸದಲ್ಲ.

"ನಾನ್ ಅರ್ಧರ್ಧ ನುಂಗಿದ್ನಲ್ಲ, ಅದಕ್ಕೆ ಕಣೇ," ಎಂದೆ.

ಅವಳು ತನ್ನ ಹೆಬ್ಬೆಟ್ಟು ನೋಡಿಕೊಂಡಳು, ಆಮೇಲೆ ದಿನಾ ತಾನೇ ಬರಿಗೈಯಲ್ಲಿ ತೊಳೆದಿದ್ದ ನನ್ನ ಕಾಲು ನೋಡಿದಳು.

"ಅಂದ್ರೆ ಇವು ನಿಮ್ಮವಾ?"

ಹೌದು ಎಂದೆ.