ಹೆಬ್ಬೆರಳಕ್ಕ ಮತ್ತು ಹಿಮ್ಮಡಿಯ ಹಗ್ಗ

ಆ ಬೀದಿಯಲ್ಲಿ ಯಾರಿಗೆ ಕತ್ತು ಹಿಡಿದರೂ, ಸೊಂಟ ಉಳುಕಿದರೂ ಮೊದಲು ನೆನಪಾಗುತ್ತಿದ್ದುದು ಡಾಕ್ಟರಲ್ಲ, ಹೆಬ್ಬೆರಳಕ್ಕ. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಪಾಪ, ಅದನ್ನು ಕರೆಯುವವರೇ ಇರಲಿಲ್ಲ. ಬೇಕರಿಯಲ್ಲಿ ಹಿಟ್ಟು ನಾದುವುದು ಅವಳ ಕೆಲಸ. ಅಲ್ಲಿ ಯಂತ್ರ ಇರಲಿಲ್ಲವೆಂದಲ್ಲ. ಆದರೆ ಯಂತ್ರದಿಂದ ಇಳಿದ ಹಿಟ್ಟು ಇವಳ ಕೈಯಲ್ಲಿ ಇನ್ನೊಮ್ಮೆ ಹೊರಳಿದರೇ ಯಜಮಾನನಿಗೆ ಸಮಾಧಾನ. ಹಿಟ್ಟಿನ ಜೊತೆ ಗುದ್ದಾಡಿ ಗುದ್ದಾಡಿ ಅವಳ ಹೆಬ್ಬೆರಳುಗಳು ದಪ್ಪಗೆ, ಚಪ್ಪಟೆಯಾಗಿ ಬೆಳೆದಿದ್ದವು. ನೋಯುವ ಜಾಗ ಇಂಥದ್ದೇ ಎಂದು ಯಾರೂ ಅವಳಿಗೆ ತೋರಿಸಬೇಕಾಗಿರಲಿಲ್ಲ. ಬೆನ್ನ ಮೇಲೆ ಕೈಯಾಡಿಸುತ್ತಾ ಹೋಗಿ ಒಂದು ಕಡೆ ನಿಲ್ಲಿಸುವಳು, ಒತ್ತುವಳು, ಮಲಗಿದ್ದವರು "ಅಯ್ಯಯ್ಯೋ ಸತ್ತೆ" ಎಂದು ಕೂಗಿ ಆಮೇಲೆ ನಗುತ್ತಾ ಎದ್ದು ಹೋಗುವರು. ಹೊಗಳಿಕೆ ಯಾರಿಗೆ ಬೇಡ ಹೇಳಿ? ಅವಳಿಗೂ ಬೇಕಿತ್ತು.

ಅವಳ ಜೀವ ಇದ್ದದ್ದು ಮಾತ್ರ ತಮ್ಮನಲ್ಲಿ. ತಾಯಿ ತೀರಿಕೊಂಡಾಗ ಅಂಗಿ ಗುಂಡಿ ಹಾಕಿಕೊಳ್ಳಲೂ ಬರದ ಕೂಸು ಅದು. ಉಣ್ಣಿಸಿದವಳು ಇವಳೇ, ಹೊಡೆದವಳೂ ಇವಳೇ, ಹೊಡೆದು ಆಮೇಲೆ ಅತ್ತವಳೂ ಇವಳೇ. ಮದುವೆಯ ಮಾತು ಬಂದಾಗ ಗಂಡಿನ ಮುಖಕ್ಕೇ ಹೇಳಿದ್ದಳು: "ನನ್ನ ಜೊತೆ ಇವನೂ ಬರ್ತಾನೆ. ಆಗಲ್ಲ ಅಂದ್ರೆ ಬೇರೆ ಹುಡುಗೀನ ನೋಡ್ಕೊಳ್ಳಿ." ಗಂಡು ತಕರಾರಿಲ್ಲದೆ ಒಪ್ಪಿದ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಹುಡುಗ ಬೆಳೆದು ದೊಡ್ಡವನಾದ ಮೇಲೆ ತಾನು ದುಡಿಯುವ ಗಾಜಿನಂಗಡಿಗೇ ಸೇರಿಸಿ, ಕೈಹಿಡಿದು ಕಸುಬು ಕಲಿಸಿದ.

ಕಸುಬೆಂದರೆ ಹೊರುವ ಕಸುಬು. ಆಳೆತ್ತರದ ಗಾಜು, ಕನ್ನಡಿ ಯಾವ ಲಿಫ್ಟಿಗೂ ಹಿಡಿಸುವುದಿಲ್ಲ, ಮೆಟ್ಟಿಲ ಮೇಲೇ ಒಯ್ಯಬೇಕು. ಒಬ್ಬ ಮೇಲಿನ ತುದಿ ಹಿಡಿದು ಮುಂದೆ ಹತ್ತುತ್ತಾನೆ, ಇನ್ನೊಬ್ಬ ಕೆಳಗಿನ ತುದಿಗೆ ಭುಜ ಕೊಟ್ಟು ಹಿಂದೆ ಬರುತ್ತಾನೆ. ಭಾರವೆಲ್ಲ ಹಿಂದಿನವನ ಮೇಲೆ. ಅಪಾಯವೂ ಅವನಿಗೇ, ಯಾಕೆಂದರೆ ಗಾಜು ಜಾರಿದರೆ ಮೇಲಕ್ಕೆ ಹೋಗುವುದಿಲ್ಲವಲ್ಲ. ಹಾಗಾಗಿ ಭಾವ ಯಾವತ್ತೂ ಹಿಂದೆ, ತಮ್ಮ ಮುಂದೆ. ಅಕ್ಕ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಗಂಡ ಹಾಸಿಗೆಯಿಂದ ಇಳಿದವನು ಗೋಡೆ ಹಿಡಿದುಕೊಂಡು ನಿಂತ. ಬಲಗಾಲಿನ ಹಿಮ್ಮಡಿಯ ಮೇಲೆ, ಚಪ್ಪಲಿಯ ಪಟ್ಟಿ ತಾಗುವ ಕಡೆ, ಸೂಜಿ ಚುಚ್ಚಿದ ಹಾಗೆ ನೋವು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ಇಳಿದಿತ್ತು, ಕೆಲಸಕ್ಕೆ ಇಳಿದ ಮೇಲೆ ಇಲ್ಲವೇ ಇಲ್ಲ. ಮರುದಿನ ಬೆಳಿಗ್ಗೆ ಮತ್ತೆ ಹಾಜರ್. ಹೆಬ್ಬೆರಳಕ್ಕ ಅವನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ಹಚ್ಚಿ ತಿಕ್ಕಿದಳು. ಹಿಮ್ಮಡಿಯ ನರ ಎಡಗಾಲಿನದಕ್ಕಿಂತ ದಪ್ಪಗಾಗಿತ್ತು. ಒತ್ತಿದಳು, ಅವನು ಹಲ್ಲು ಕಚ್ಚಿದ, ಆಮೇಲೆ ಎದ್ದು ನಾಲ್ಕು ಹೆಜ್ಜೆ ಹಾಕಿ ನಕ್ಕ.

"ಆಸ್ಪತ್ರೆ ಯಾಕೆ ಬೇಕೇ? ಮನೇಲೇ ಇದೆಯಲ್ಲ!"

ಅವಳು ಉಬ್ಬಿಹೋದಳು. ಎಡವಟ್ಟು ಶುರುವಾದದ್ದೇ ಅಲ್ಲಿ ನೋಡಿ.

ಆದರೂ ನೋವು ಬಿಟ್ಟುಹೋಗಲಿಲ್ಲ. ಕೊನೆಗೆ ಅವಳೇ ಒತ್ತಾಯ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ವ್ಯಾಯಾಮ ಹೇಳಿಕೊಡುವ ಫಿಸಿಯೋ ಮೇಡಂ ಅವನನ್ನು ಬೋರಲು ಮಲಗಿಸಿ ಎರಡೂ ಹಿಮ್ಮಡಿಗಳನ್ನು ಹಿಡಿದು ನೋಡಿದರು.

"ನರ ಅಂತೀರಲ್ಲ, ಇದು ನರ ಅಲ್ಲ. ಮೀನಖಂಡದ ಮಾಂಸಾನ ಹಿಮ್ಮಡಿ ಮೂಳೆಗೆ ಕಟ್ಟಿರೋ ಹಗ್ಗ ಅಂದ್ಕೊಳ್ಳಿ. ಆ ಹಗ್ಗ ಎಳೆ ಬಿಡ್ತಾ ಇದೆ."

"ನಾನು ದಿನಾ ಒತ್ತಿ ತಿಕ್ತೀನಿ ಮೇಡಂ," ಎಂದಳು ಹೆಬ್ಬೆರಳಕ್ಕ. ಶಭಾಷ್ ಅನ್ನುತ್ತಾರೆಂಬ ಆಸೆ.

"ತಿಕ್ಕಿ, ಬೇಡ ಅನ್ನಲ್ಲ. ಮೀನಖಂಡಕ್ಕೆ, ಹಗುರವಾಗಿ. ಬಿಗಿತ ಬಿಡತ್ತೆ, ನೋವು ಕಮ್ಮಿ ಅನ್ಸತ್ತೆ. ಊದಿರೋ ಜಾಗಕ್ಕೆ ಮಾತ್ರ ಹೆಬ್ಬೆರಳು ಹಾಕಿ ಅದುಮಬೇಡಿ. ಇನ್ನೊಂದು ಮಾತು, ತಿಕ್ಕೋದ್ರಿಂದ ಹಗ್ಗಕ್ಕೆ ಬಲ ಬರಲ್ಲ. ಬಲ ಬರೋದು ವ್ಯಾಯಾಮದಿಂದ."

ಮೇಡಂ ಅವನನ್ನು ಮೆಟ್ಟಿಲ ಅಂಚಿನಲ್ಲಿ ಮುಂಗಾಲ ಮೇಲೆ ನಿಲ್ಲಿಸಿದರು. ಎರಡೂ ಕಾಲಲ್ಲಿ ಮೇಲೆದ್ದು, ಎಡಗಾಲು ಎತ್ತಿಕೊಂಡು, ನೋಯುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸಬೇಕು. "ಸ್ವಲ್ಪ ನೋಯತ್ತೆ, ಹೆದರಬೇಡಿ. ಜಾಸ್ತಿ ಆದ್ರೆ ಬಂದು ಹೇಳಿ, ಕಮ್ಮಿ ಮಾಡೋಣ. ತಿಂಗಳುಗಟ್ಟಲೆ ಬಿಡದೆ ಮಾಡ್ಬೇಕು. ಗಟ್ಟಿಯಾಗೋವರೆಗೂ ಭಾರ ಹೊತ್ಕೊಂಡು ಮೆಟ್ಟಿಲು ಹತ್ತೋ ಹಾಗಿಲ್ಲ."

"ಮೆಟ್ಟಿಲು ಹತ್ತಬೇಡ ಅಂತ ಮೆಟ್ಟಿಲ ಮೇಲೇ ನಿಲ್ಲಿಸಿ ಹೇಳ್ತಾರಲ್ಲ!" ಎಂದು ದಾರಿಯುದ್ದಕ್ಕೂ ಗಂಡ ನಕ್ಕ. ಅವಳೂ ನಕ್ಕಳು. ಅದುಮಬೇಡಿ ಎಂದದ್ದು ಅವಳಿಗೆ ಸ್ವಲ್ಪ ಚುರುಕ್ ಎಂದಿತ್ತು.

ಕೆಲವು ದಿನ ಹೊಸಿಲ ಮೆಟ್ಟಿಲ ಮೇಲೆ ನಿಂತು ಮಾಡಿದ. ಮಾಡಿದ ದಿನ ನೋವು ಕೆಣಕುತ್ತಿತ್ತು. ಆಮೇಲೆ ಬಿಟ್ಟ. "ವ್ಯಾಯಾಮ ಮಾಡಿದ್ರೆ ನೋಯತ್ತೆ, ನೀನು ಒತ್ತಿದ್ರೆ ಹೋಗತ್ತೆ. ಯಾವ್ದು ಔಷಧ ನೀನೇ ಹೇಳು." ಅವಳು ಹೇಳಬಹುದಿತ್ತು. ಮೇಡಂ ಬಿಡಿಸಿ ಹೇಳಿದ್ದನ್ನು ಕಿವಿಯಾರೆ ಕೇಳಿದವಳಲ್ಲವೇ? ಎಣ್ಣೆ ಬಟ್ಟಲು ಎಳೆದುಕೊಂಡಳು.

ದಿನಗಳು ಉರುಳಿದವು. ಒಂದು ಮುಂಜಾನೆ ಅವಳ ಹೆಬ್ಬೆರಳ ಕೆಳಗೆ ಆ ಹಗ್ಗ ಕಿರುಗುಟ್ಟಿತು. ಕಿವಿಗೆ ಕೇಳುವ ಸದ್ದಲ್ಲ, ಬೆರಳಿಗೆ ಮಾತ್ರ ತಿಳಿಯುವಂಥದ್ದು, ಹೊಸ ಚರ್ಮದ ಚಪ್ಪಲಿ ಮಡಿಸಿದ ಹಾಗೆ. ಎಷ್ಟೋ ಜನರ ಮೈ ಮುಟ್ಟಿದ ಬೆರಳು ಅದು, ಇಂಥದ್ದನ್ನು ಎಂದೂ ಕಂಡಿರಲಿಲ್ಲ. ಥಟ್ಟನೆ ಕೈ ತೆಗೆದಳು.

"ಯಾಕೇ?" ಎಂದ ಗಂಡ.

"ಏನಿಲ್ಲ. ಇನ್ನೊಂದ್ಸಲ ಆ ಮೇಡಂಗೆ ತೋರಿಸೋಣ ರೀ."

"ತೋರಿಸಿದ್ರೆ ರಜ ಹಾಕು ಅಂತಾರೆ. ರಜ ಹಾಕಿದ್ರೆ ಮಾಲೀಕ ನನ್ನ ಜಾಗಕ್ಕೆ ಬೇರೆಯವನನ್ನ ತರ್ತಾನೆ. ನಿನ್ನ ತಮ್ಮಂಗೂ ಹೇಳ್ಬೇಡ. ಅವನ ಹೊಟ್ಟೇಲಿ ಮಾತು ನಿಲ್ಲಲ್ಲ, ಅಂಗಡಿಗೆಲ್ಲ ಡಂಗುರ ಹೊಡೀತಾನೆ."

ಅವಳು ಹೂಂಗುಟ್ಟಿದಳು.

ಅದಾದ ಮೇಲೆ ಒಂದು ಸಂಜೆ ಮೂವರೂ ಊಟಕ್ಕೆ ಕೂತಿದ್ದಾಗ ತಮ್ಮ ಭುಜ ನೀವಿಕೊಂಡ. ಏನಾಯಿತೋ ಎಂದು ಕೇಳಿದಳು. "ಹಿಂದಿನ ಭಾರ ಇನ್ನೂ ಅಭ್ಯಾಸ ಆಗಿಲ್ಲಕ್ಕಾ," ಎಂದ ಅವನು, ಹೆಮ್ಮೆಯಿಂದಲೇ. "ಈಗ ಭಾವ ಮುಂದೆ ಹತ್ತೋದು. ನಂಗೆ ಬಡ್ತಿ ಸಿಕ್ಕಿದೆ!"

ಅವಳು ತುತ್ತು ತಟ್ಟೆಗೆ ಹಾಕಿ ಗಂಡನ ಮುಖ ನೋಡಿದಳು. ಅವನು ತಟ್ಟೆ ನೋಡುತ್ತಿದ್ದ.

"ಕಲೀಬೇಕಲ್ಲ ಅವನೂನು," ಎಂದ, ತಲೆ ಎತ್ತದೆ.

ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು ಅವಳ ಪಾಡು, ನುಂಗಲೂ ಆಗದು, ಉಗುಳಲೂ ಆಗದು. ಕಾಲಿಗೆ ಭಾರ ಕಮ್ಮಿಯಾಗಲೆಂದು ಗಂಡ ಮೇಲಿನ ತುದಿಗೆ ಹೋಗಿದ್ದಾನೆ. ಆ ಕಾಲು ಕೈಕೊಟ್ಟರೆ ಗಾಜು ಇಳಿದು ಬರುವುದು ಯಾರ ಎದೆಯ ಮೇಲೆ? ಅವಳು ಸಾಕಿದ ಕೂಸಿನ ಎದೆಯ ಮೇಲೆ. ಗಂಡ ಕೆಟ್ಟವನೇ? ಅಲ್ಲ. ನೋವು ಒಳ್ಳೆಯವರ ಕೈಯಲ್ಲೂ ಏನೇನೋ ಮಾಡಿಸುತ್ತದೆ.

ಮರುದಿನ ಬೆಳಿಗ್ಗೆ ಗಂಡ ಎಂದಿನಂತೆ ಕಾಲು ಚಾಚಿದ. ಅವಳು ಎಣ್ಣೆ ಮುಟ್ಟಲಿಲ್ಲ.

"ಇವತ್ತು ಒತ್ತಲ್ಲ ನಾನು. ನೋಯ್ಲಿ. ನೋವಿದ್ರೆ ಮನೇಲಿರ್ತೀರಿ."

"ತಲೆ ಕೆಟ್ಟಿದ್ಯಾ ನಿಂಗೆ?"

"ಅವನನ್ನ ಹಿಂದೆ ಹಾಕಿದ್ದೀರಲ್ಲ, ನಿಮಗೆ ಕೆಟ್ಟಿದೆ! ನೀವೇ ಅವನಿಗೆ ಹೇಳ್ತೀರೋ, ಇಲ್ಲ ನಾನು ಹೇಳ್ಲೋ?"

ಗಂಡ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು, ಅವಳೂ ರೇಗಿ ಹೇಳಿಬಿಡುತ್ತಿದ್ದಳು. ಅವನು ಅಂಗಲಾಚಿದ. "ಇವತ್ತೊಂದಿನ ಕಣೇ. ಮೂರನೇ ಮಹಡೀಗೆ ಒಂದು ಕನ್ನಡಿ, ಹಾಲ್‌ನ ಗೋಡೆಗೆ. ಅಷ್ಟು ದೊಡ್ಡದು ಬೇರೆ ಯಾರ ಕೈಲೂ ಆಗಲ್ಲ. ಅದೊಂದು ಹತ್ತಿಸಿಬಿಟ್ಟು ನಾನೇ ಮಾಲೀಕನಿಗೆ ಹೇಳ್ತೀನಿ. ನಿನ್ನಾಣೆ."

ಆಗ ಅವಳ ತಲೆಗೆ ಹೊಳೆದದ್ದು ಏನು ಗೊತ್ತೇ? ಹೇಗೂ ಹೋಗಿಯೇ ಹೋಗುತ್ತಾನೆ. ನೋಯುವ ಕಾಲಲ್ಲಿ ಹೋದರೆ ಕುಂಟುತ್ತಾನೆ, ಕುಂಟಿದರೆ ತಮ್ಮನಿಗೆ ಅಪಾಯ. ನೋವೇ ಇಲ್ಲದ ಹಾಗೆ ಮಾಡಿ ಕಳಿಸಿದರೆ ತಮ್ಮ ಕ್ಷೇಮ! ತಮ್ಮನ ಮೇಲಿನ ಪ್ರೀತಿಗೇ ಅವಳು ಎಣ್ಣೆ ಬಟ್ಟಲು ತೆಗೆದುಕೊಂಡಳು. ಎಂದೂ ಒತ್ತದಷ್ಟು ಒತ್ತಿದಳು. ಊದಿದ ಜಾಗಕ್ಕೇ ಎರಡೂ ಹೆಬ್ಬೆರಳು ಊರಿ, ಮೈಭಾರ ಬಿಟ್ಟು ಅದುಮಿದಳು. ಕಿರುಗುಟ್ಟಿದ್ದು ಬೆರಳಿಗೆ ತಿಳಿಯಿತು, ನಿಲ್ಲಿಸಲಿಲ್ಲ. ಗಂಡನಿಗೆ ಬೆವರಿಳಿಯಿತು. ಎದ್ದು ನಿಂತಾಗ ಕಾಲು ಮರಗಟ್ಟಿದಂತಿತ್ತು, ನೋವಿನ ಸುಳಿವಿಲ್ಲ.

ತಮ್ಮ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದ. ಅವನ ಕಾಲರ್ ಸರಿಮಾಡಿ, "ಜೋಪಾನ ಕಣೋ," ಎಂದಳು.

"ನಾನೇನು ಗಾಜಾ, ಒಡೆದು ಹೋಗೋಕೆ?" ಎಂದು ನಗುತ್ತಾ ಹೋದ.

ಬೇಕರಿಯಲ್ಲಿ ಅವಳ ಕೈ ಹಿಟ್ಟಿನಲ್ಲಿತ್ತು, ಜೀವ ಎಲ್ಲೋ ಇತ್ತು. ಮೆತ್ತಗಿನ ಹಿಟ್ಟಿನೊಳಗೂ ಆ ಕಿರುಕಿರು ಸಿಕ್ಕಿದ ಹಾಗೆ ಆಗುತ್ತಿತ್ತು. ಯಜಮಾನ ಏನೋ ತಮಾಷೆ ಮಾಡಿದ, ಎಲ್ಲರೂ ನಕ್ಕರು, ಅವಳಿಗೆ ಕೇಳಿಸಲೇ ಇಲ್ಲ. ಹೇಳಿಬಿಡಬೇಕಿತ್ತು. ಬಾಗಿಲಲ್ಲೇ ಹೇಳಿಬಿಡಬೇಕಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಇನ್ನೂ ಕೆಟ್ಟಿಲ್ಲ, ಈಗಲಾದರೂ ಹೋದರೆ ಹೇಳಬಹುದು ಎಂದುಕೊಂಡು ಹಿಟ್ಟಿನ ಕೈಯಲ್ಲೇ ಹೊರಬಿದ್ದಳು. ಗಾಜಿನಂಗಡಿಯಲ್ಲಿ ಕಟ್ಟಡದ ಗುರುತು ಕೇಳಿಕೊಂಡು ಓಡಿದಳು.

ಕಟ್ಟಡದ ಮೆಟ್ಟಿಲು ಇಕ್ಕಟ್ಟು, ಒಂದು ಬದಿ ಗೋಡೆ, ಒಂದು ಬದಿ ಕಬ್ಬಿಣದ ಕಂಬಿ. ಮೇಲಿಂದ ಗಂಡನ ದನಿ ಕೇಳಿಸುತ್ತಿತ್ತು: "ಎತ್ತು... ನಿಲ್ಲು... ಎತ್ತು." ಎರಡನೇ ಮಹಡಿ ದಾಟಿ ತಿರುವಿನಲ್ಲಿದ್ದರು. ಕನ್ನಡಿಯನ್ನು ವಾಲಿಸಿ ತಿರುಗಿಸುವಾಗ ಅದರಲ್ಲಿ ಅವಳಿಗೆ ತನ್ನ ಮುಖವೇ ಕಂಡಿತು, ಅದರ ಪಕ್ಕದಲ್ಲಿ ತಮ್ಮನ ಮುಖ. ಅವನೂ ಕನ್ನಡಿಯಲ್ಲೇ ಅವಳನ್ನು ನೋಡಿದ. ಹುಬ್ಬೇರಿಸಿದ, ಇದೇನು ಇಲ್ಲಿ ಅನ್ನುವ ಹಾಗೆ. ಭಾರ ಹೊತ್ತಾಗ ಮಾತಾಡುವಂತಿಲ್ಲ. ಅವಳಿಗೂ ಕೂಗಲು ಭಯ, ಕೂಗಿ ಬೆಚ್ಚಿಬೀಳಿಸಿದರೆ? ಮೇಲೆ ತಲುಪಿ ಇಳಿಸಲಿ, ಆಮೇಲೆ ಹೇಳಿದರಾಯಿತು ಎಂದು ಬಾಯಿಗೆ ಸೆರಗು ಒತ್ತಿಕೊಂಡು ಒಂದೊಂದೇ ಮೆಟ್ಟಿಲು ಅವರ ಹಿಂದೆ ಹತ್ತಿದಳು. ಅವಳ ಕಣ್ಣೆಲ್ಲ ಗಂಡನ ಬಲ ಹಿಮ್ಮಡಿಯ ಮೇಲಿತ್ತು.

ಟಪ್ ಎಂದು ಸದ್ದಾಯಿತು. ಒಣಗಿದ ಕೋಲು ಮುರಿದಷ್ಟೇ ಸದ್ದು.

ಗಂಡ ಕೂಗಲಿಲ್ಲ. ತಿರುಗಿ ಸಿಟ್ಟಿನಿಂದ ತಮ್ಮನನ್ನು ನೋಡಿದ. "ಯಾಕೋ ಒದ್ದೆ?" ಎಂದ. ನಿಜವಾಗಿಯೂ ಹಾಗೆಂದ. ಹಿಮ್ಮಡಿಯ ಹಗ್ಗ ಕಿತ್ತುಹೋದಾಗ ಹಿಂದಿನಿಂದ ಯಾರೋ ಒದ್ದ ಹಾಗೇ ಆಗುತ್ತದಂತೆ, ಆಮೇಲೆ ಡಾಕ್ಟರು ಹೇಳಿದರು. ಮಾತು ಮುಗಿಯುವ ಮೊದಲೇ ಅವನ ಕಾಲು ಬಟ್ಟೆಯ ಹಾಗೆ ಮಡಚಿಕೊಂಡಿತು, ಕೈ ಬಿಟ್ಟಿತು, ಕನ್ನಡಿ ಕೆಳಕ್ಕೆ ಜಾರಿತು.

ಗಾಜು ಜಾರಿದರೆ ಹಿಡಿಯಬೇಡ, ಬಿಟ್ಟು ಪಕ್ಕಕ್ಕೆ ಅಂಟಿಕೋ. ಹೊರುವವರು ಮೊದಲ ದಿನ ಕಲಿಯುವುದೇ ಅದನ್ನು. ತಮ್ಮನಿಗೆ ಗೋಡೆಯ ಕಡೆ ಸರಿಯಲು ಜಾಗವಿತ್ತು, ಹೊತ್ತೂ ಇತ್ತು. ಅವನು ಸರಿಯಲಿಲ್ಲ. ಹಿಂದೆ ಅಕ್ಕ ಬರುತ್ತಿದ್ದದ್ದನ್ನು ಕನ್ನಡಿಯಲ್ಲಿ ಕಂಡಿದ್ದ. ಬಿಟ್ಟರೆ ಅದು ನೇರ ಅವಳ ಮೇಲೆ. ಎರಡೂ ಕೈಯಲ್ಲಿ ಅಂಚು ಹಿಡಿದು, ಭುಜ ಕೊಟ್ಟು, "ಅಕ್ಕಾ, ಸರೀ! ಸರೀ!" ಎಂದು ಕಿರುಚುತ್ತಾ ನಿಂತ. ಅವಳು ಕಂಬಿಗೆ ಅಂಟಿಕೊಂಡಳು. ಕನ್ನಡಿ ಅವನ ಕೈಯಲ್ಲೇ ಒಡೆದು ಇಬ್ಬರ ನಡುವೆ ಸುರಿಯಿತು.

ಆಸ್ಪತ್ರೆಯಲ್ಲಿ ಗಂಡನ ಕಾಲಿಗೆ ಪಟ್ಟಿ ಹಾಕಿ ಒಂದು ಕೋಣೆಯಲ್ಲಿ ಮಲಗಿಸಿದ್ದರು, ತಮ್ಮನನ್ನು ಇನ್ನೊಂದರಲ್ಲಿ. ಜೀವಕ್ಕೆ ಭಯವಿಲ್ಲ ಎಂದರು. ಬಲಗೈಯ ಮಣಿಕಟ್ಟಿನಲ್ಲಿ ಬೆರಳುಗಳನ್ನು ಎಳೆಯುವ ಹಗ್ಗಗಳೆಲ್ಲ ತುಂಡಾಗಿವೆ, ಹೊಲಿದಿದ್ದೇವೆ, ಮೊದಲಿನ ಹಾಗೆ ಮುಷ್ಟಿ ಕಟ್ಟಲು ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಅವಳು ಅವನ ಹಾಸಿಗೆಯ ಪಕ್ಕ ಕೂತಿದ್ದಳು, ಎಚ್ಚರವಾಗುವುದನ್ನೇ ಕಾಯುತ್ತಾ, ಎಚ್ಚರವಾದರೆ ಏನು ಹೇಳಲಿ ಎಂದು ಹೆದರುತ್ತಾ.

ಕಣ್ಣು ಬಿಟ್ಟವನು ಮೊದಲು ಕೇಳಿದ್ದು, "ನಿಂಗೇನೂ ಆಗ್ಲಿಲ್ಲ ತಾನೇ ಅಕ್ಕಾ?"

ಇಲ್ಲ ಎಂದು ತಲೆಯಾಡಿಸಿದಳು.

"ಅಲ್ಲ, ಅಷ್ಟೊತ್ತಲ್ಲಿ ನೀನ್ಯಾಕೆ ಬಂದೆ ಅಲ್ಲಿಗೆ?"

ಸುಮ್ಮನೆ ಬಂದೆ ಅನ್ನಬಹುದಿತ್ತು. ಅವನು ನಂಬುತ್ತಿದ್ದ, ಅವಳು ಹೇಳಿದ್ದನ್ನೆಲ್ಲ ನಂಬಿಯೇ ಬೆಳೆದವನು. ಅದಕ್ಕೇ ಅವಳಿಗೆ ಸುಳ್ಳು ಬರಲಿಲ್ಲ.

"ನಿನ್ನ ಭಾವನ ಕಾಲು ನೆಟ್ಟಗಿರ್ಲಿಲ್ಲ ಕಣೋ. ಕಿತ್ತುಹೋಗೋ ಹಾಗಿತ್ತು. ಹೇಳೋಣ ಅಂತ ಬಂದೆ."

"ನಿಂಗೆ ಯಾವಾಗ ಗೊತ್ತಾಯ್ತು?"

"ಮುಂಚೇನೇ."

"ಮುಂಚೆ ಅಂದ್ರೆ? ನಾನು ಹಿಂದೆ ಹೊರ್ತೀನಿ ಅಂತ ಹೇಳ್ದಾಗ?"

"ಅದಕ್ಕೂ ಮುಂಚೆ."

ಅವನು ಬಯ್ಯಲಿಲ್ಲ. ಬಯ್ಯಲಿ ಎಂದು ಕಾದಳು. ಒಣಗಿದ ತುಟಿಯ ಮೇಲೆ ಅವನು ನಾಲಿಗೆ ಆಡಿಸಿದ. ಅವಳು ನೀರಿನ ಲೋಟ ಎತ್ತಿಕೊಂಡು ಎದ್ದಳು. ಅವನು ಮುಖ ಬಾಗಿಲ ಕಡೆ ತಿರುಗಿಸಿ, ಆಚೆ ಹೋಗುತ್ತಿದ್ದ ನರ್ಸನ್ನು ಕರೆದ.

"ಸಿಸ್ಟರ್, ಸ್ವಲ್ಪ ನೀರು ಕುಡಿಸ್ತೀರಾ?"