ನಾಕಿಪ್ಪತ್ತು ಸಾವಿರ

ಬೆಳಿಗ್ಗೆ ಆರಕ್ಕೆ ಮೊಮ್ಮಗಳು ನನ್ನೆದುರು ಕೂತು ದೊಡ್ಡ ಸಂಖ್ಯೆಗಳನ್ನು ಓದಬೇಕು. ಚಾಮರಾಜನಗರದ ನಮ್ಮ ಮನೆಯ ನಿಯಮ ಅದು. ಮೊನ್ನೆ ಆರೂ ಐದಾದರೂ ಬರಲಿಲ್ಲ. ಮೇಜಿನ ಮೇಲಿದ್ದ ಅವಳ ನೋಟ್‌ಬುಕ್ ತೆರೆದೆ. 80 000. ಅಲ್ಪವಿರಾಮವಿಲ್ಲ, ನಡುವೆ ಬರೀ ಜಾಗ. ಪಕ್ಕದಲ್ಲಿ ‘ಕಾತ್ರ ವ್ಯಾಂ ಮಿಲ್’. ಎದುರುಮನೆಯ ರಜಿಯಾ ಮೇಡಂ ಹತ್ತಿರ ಫ್ರೆಂಚ್ ಕಲಿಯಲು ಹೋಗಿದ್ದಾಳೆ. ನನ್ನ ಹಳೆಯ ಹೊಟ್ಟೆಕಿಚ್ಚು ಕಾಫಿಗಿಂತ ಮೊದಲೇ ಎದ್ದು ಕೂತಿತು.

ಅದರ ವಯಸ್ಸನ್ನು ನಿಮಗೆ ಹೇಳಬೇಕು. ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ನಾನು ಗಣಿತದ ಮೇಷ್ಟ್ರಾಗಿದ್ದೆ. ಬೋರ್ಡಿನ ಮೇಲೆ ಒಂಬತ್ತು ಅಂಕಿ ಬರೆದು, ಕೋಟಿ ಲಕ್ಷಗಳಲ್ಲೊಮ್ಮೆ, ಇಂಗ್ಲಿಷಿನ ಮಿಲಿಯನ್ನಿನಲ್ಲೊಮ್ಮೆ ಒಂದೇ ಉಸಿರಿಗೆ ಓದುತ್ತಿದ್ದೆ. ಮಕ್ಕಳು ಬಾಯಿಬಿಟ್ಟು ನೋಡುತ್ತಿದ್ದರು. ಅದು ಬೆರಗೋ ಭಯವೋ ಎಂದು ಈಗ ಅನುಮಾನ. ಆಮೇಲೆ ಪುದುಚೇರಿಯಲ್ಲಿ ಫ್ರೆಂಚ್ ಓದಿದ ಇದೇ ರಜಿಯಾ ಮೇಡಂ ಬಂದು ಸೇರಿದರು. ಒಂದು ದಿನ ಇಂಗ್ಲಿಷ್ ಪಾಠದ ನಡುವೆ, ಫ್ರೆಂಚರು ಎಂಬತ್ತು ಸಾವಿರಕ್ಕೆ ‘ಕಾತ್ರ ವ್ಯಾಂ ಮಿಲ್’, ಅಂದರೆ ‘ನಾಲ್ಕು ಇಪ್ಪತ್ತು ಸಾವಿರ’ ಅನ್ನುತ್ತಾರೆ, ತೊಂಬತ್ತೇಳಕ್ಕೆ ‘ನಾಲ್ಕು ಇಪ್ಪತ್ತು ಹದಿನೇಳು’ ಅನ್ನುತ್ತಾರೆ ಎಂದರಂತೆ. ಮಾರನೆಯ ದಿನದಿಂದ ಇಡೀ ಶಾಲೆ ಇಪ್ಪತ್ತಿಪ್ಪತ್ತಾಗಿ ಎಣಿಸತೊಡಗಿತು. ನನ್ನ ಮಿಲಿಯನ್ನನ್ನು ಕೇಳುವವರಿಲ್ಲ. ಅದು ಲೆಕ್ಕವಲ್ಲ, ಸರ್ಕಸ್ಸು ಎಂದು ಸ್ಟಾಫ್ ರೂಮಿನಲ್ಲಿ ಹೇಳಿದೆ. ಅವರು ನಕ್ಕು, ತಮ್ಮ ಟಿಫನ್ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ಅದು ಇನ್ನೂ ಉರಿಸಿತು.

ನಿಜವಾದ ಉರಿ ಬೇರೆ. ನಮ್ಮೂರು ಭೀಮನಬೀಡಿನಲ್ಲಿ ನಮ್ಮವ್ವ ಬೆರಣಿ ಎಣಿಸುತ್ತಿದ್ದದ್ದೂ ಹಾಗೆಯೇ. ಇಪ್ಪತ್ತಕ್ಕೆ ಒಂದು ಕಲ್ಲು. ನಾಲ್ಕು ಕಲ್ಲಾದರೆ, “ನಾಕಿಪ್ಪತ್ತು ಕಣ್ಲಾ.” ಹೈಸ್ಕೂಲು ಸೇರಿದ ಜಂಬದಲ್ಲಿ ನಾನು ನೆಂಟರೆದುರೇ ತಿದ್ದಿದ್ದೆ: “ಎಂಬತ್ತು ಅನ್ನವ್ವ, ಜನ ನಗ್ತಾರೆ.” ಆಮೇಲೆ ಅವಳು ನನ್ನೆದುರು ಗಟ್ಟಿಯಾಗಿ ಎಣಿಸಲೇ ಇಲ್ಲ. ಅವ್ವನ ಬಾಯಲ್ಲಿ ನಾಚಿಕೆಯಾಗಿದ್ದದ್ದು ರಜಿಯಾ ಮೇಡಂ ಬಾಯಲ್ಲಿ ವಿದ್ಯೆಯಾಗಿಬಿಟ್ಟಿತ್ತು.

ಆರೂವರೆಗೆ ಮೊಮ್ಮಗಳು ಬಂದಳು. ಬೈಯಲಿಲ್ಲ. ಜಗಲಿಯ ಮೇಲೆ ಹುಣಸೆಬೀಜ ಸುರಿದು, ಇಪ್ಪತ್ತಕ್ಕೊಂದು ಕಲ್ಲಿಟ್ಟು, ಅವ್ವನನ್ನು ತಿದ್ದಿದ್ದನ್ನೂ ಬಿಡದೆ ಹೇಳಿದೆ. ಪೂರ್ತಿ ಕೇಳಿ, ಎದುರುಮನೆಗೆ ಓಡಿದಳು.

ಸ್ವಲ್ಪ ಹೊತ್ತಿಗೆ ರಜಿಯಾ ಮೇಡಂ ಬಂದು ನಾಲ್ಕು ಕಲ್ಲುಗಳನ್ನೇ ನೋಡುತ್ತ ನಿಂತರು. “ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಸಾರ್? ನಾನು ಊರು ಬಿಟ್ಟು ಹೋಗಿ ತಿಣುಕಾಡಿ ಕಲಿತೆ. ನಿಮಗೆ ಹಿತ್ತಲಲ್ಲೇ ಸಿಕ್ಕಿತ್ತಲ್ಲ.”

ಆ ದನಿಯಲ್ಲಿದ್ದದ್ದನ್ನು ನಾನು ಗುರುತಿಸದೆ ಇರುತ್ತೇನೆಯೇ? ಆ ಕಿಚ್ಚನ್ನೇ ಅಲ್ಲವೇ ನಾನು ಇಷ್ಟು ವರ್ಷ ಸಾಕಿಕೊಂಡು ಬಂದದ್ದು. ಖುಷಿಯಾಗಬೇಕಿತ್ತು, ಆಗಲಿಲ್ಲ.

“ಸಿಕ್ಕಿತ್ತು ಮೇಡಂ. ನಾನೇ ಅವ್ವನ ಬಾಯಿ ಮುಚ್ಚಿಸಿದೆ” ಎಂದು, ನಾಲ್ಕನೆಯ ಕಲ್ಲನ್ನೆತ್ತಿ ಅವರ ಕೈಗೆ ಕೊಟ್ಟೆ.